ಗೊತ್ತಿದ್ದಲ್ಲಿಂದ ಗಣಿತ ಕಲಿಸಿದ ರಾಮಚಂದ್ರ

ಪಿಯುಸಿಯಲ್ಲಿ ಕಲನಶಾಸ್ತ್ರದ ಸೂತ್ರಗಳನ್ನು ಉರು ಹೊಡೆದು ಅಂಕ ಗಳಿಸಿದವರಲ್ಲಿ ನಾನೂ ಒಬ್ಬ. ಅವುಗಳ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ, ದೆಹಲಿಯ ಗಣಿತ ಅಧ್ಯಾಪಕ ರಾಮಚಂದ್ರರ ವಿಚಾರವನ್ನು ಓದಿದಾಗ.

1821ರಲ್ಲಿ ಪಾಣಿಪತ್ತಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಹನ್ನೊಂದನೆಯ ವಯಸ್ಸಿಗೆ ಮದುವೆಯಾಯಿತು. ಸಂಸಾರದ ಕಷ್ಟಗಳ ನಡುವೆ, ಬಹುಪಾಲು ಸ್ವಂತ ಪರಿಶ್ರಮದಿಂದ ಗಣಿತ ಕಲಿತು 1844ರಲ್ಲಿ ದೆಹಲಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಯುರೋಪಿನ ವಿಜ್ಞಾನವನ್ನು ಉರ್ದುವಿನಲ್ಲಿ ಬೋಧಿಸುವುದು ಅವರ ಹೊಣೆ. ಅದಕ್ಕಾಗಿ ಉರ್ದುವಿನಲ್ಲೇ ಗಣಿತದ ಪುಸ್ತಕಗಳನ್ನು ಬರೆದರು. ತರಗತಿಯ ಹೊರಗಿನವರಿಗೂ ಹೊಸ ಅರಿವು ಮುಟ್ಟಲೆಂದು ಪತ್ರಿಕೆಗಳನ್ನು ನಡೆಸಿದರು.

ಅವರ ಹೆಸರನ್ನು ಉಳಿಸಿದ್ದು 1850ರಲ್ಲಿ ಸ್ವಂತ ಖರ್ಚಿನಿಂದ ಕಲ್ಕತ್ತಾದಲ್ಲಿ ಅಚ್ಚು ಹಾಕಿಸಿದ ಒಂದು ಇಂಗ್ಲಿಷ್ ಗ್ರಂಥ. ಗರಿಷ್ಠ, ಕನಿಷ್ಠ ಬೆಲೆಗಳನ್ನು ಕಲನಶಾಸ್ತ್ರದ ನೆರವಿಲ್ಲದೆ, ಬರಿಯ ಬೀಜಗಣಿತದಿಂದ ಕಂಡುಹಿಡಿಯುವ ಬಗೆಯನ್ನು ಅದು ವಿವರಿಸುತ್ತದೆ. ಉದಾಹರಣೆಗೆ, 20 ಮೀಟರ್ ಬೇಲಿಯಿಂದ ಸುತ್ತುವರಿಯಬಹುದಾದ ಅತಿ ದೊಡ್ಡ ಆಯತ ಯಾವುದು? ಎರಡು ಬದಿಗಳ ಮೊತ್ತ 10 ಮೀಟರ್. ಇದರ ವಿಸ್ತೀರ್ಣವನ್ನು ವರ್ಗಸಮೀಕರಣವಾಗಿ ಬರೆದು ನೋಡಿದರೆ, 25 ಚದರ ಮೀಟರನ್ನು ದಾಟಿದೊಡನೆ ಸಮೀಕರಣಕ್ಕೆ ವಾಸ್ತವ ಮೂಲಗಳೇ ಇರುವುದಿಲ್ಲ. ಆದ್ದರಿಂದ 25 ಗರಿಷ್ಠ. ಉತ್ತರ, 5 ಮೀಟರ್ ಬದಿಯ ಚೌಕ. ಭಾಸ್ಕರಾಚಾರ್ಯರ ಬೀಜಗಣಿತ ಹುಟ್ಟಿದ ನಾಡಿನ ವಿದ್ಯಾರ್ಥಿಗೆ ಈ ದಾರಿಯೇ ಹತ್ತಿರ ಎಂಬುದು ಅವರ ನಂಬಿಕೆ.

ಕಲ್ಕತ್ತಾದ ವಿಮರ್ಶೆ ಗ್ರಂಥದ ಕೈಹಿಡಿಯಲಿಲ್ಲ. ಅದರ ಬೆಲೆಯನ್ನು ಅರಿತವರು ಮದುರೆಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಆಗಸ್ಟಸ್ ಡಿ ಮಾರ್ಗನ್. ಅವರು 1859ರಲ್ಲಿ ತಮ್ಮ ಮುನ್ನುಡಿಯೊಂದಿಗೆ ಅದನ್ನು ಲಂಡನ್ನಿನಲ್ಲಿ ಮರುಮುದ್ರಿಸಿದರು. ಅಷ್ಟರಲ್ಲಿ ರಾಮಚಂದ್ರರ ಬದುಕು ಬುಡಮೇಲಾಗಿತ್ತು. 1852ರಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದ್ದ ಅವರು 1857ರಲ್ಲಿ ದೆಹಲಿಯಿಂದ ತಪ್ಪಿಸಿಕೊಂಡು ಪ್ರಾಣ ಉಳಿಸಿಕೊಳ್ಳಬೇಕಾಯಿತು. ಅವರ ಕಾಲೇಜು ಲೂಟಿಯಾಯಿತು. ಶಾಂತಿ ಮರಳಿದ ಮೇಲೆ ದೆಹಲಿಯಲ್ಲಿ ಮುಖ್ಯೋಪಾಧ್ಯಾಯರಾಗಿ, ಮುಂದೆ ಪಟಿಯಾಲಾ ಸಂಸ್ಥಾನದ ಶಿಕ್ಷಣದ ಹೊಣೆ ಹೊತ್ತು ದುಡಿದು 1880ರಲ್ಲಿ ತೀರಿಕೊಂಡರು.

ಅವರ ಗ್ರಂಥ ನಮ್ಮ ತರಗತಿಗಳಲ್ಲಿ ನೆಲೆಯೂರಲಿಲ್ಲ. ಜಟಿಲ ಸಮಸ್ಯೆಗಳಿಗೆ ಕಲನಶಾಸ್ತ್ರವೇ ಸಮರ್ಥ ಸಾಧನ ಎಂಬುದೂ ನಿಜ. ಆದರೆ ನನ್ನ ಕಳಕಳಿ ಬೇರೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬರುವ ಮಕ್ಕಳಿಗೆ ಇಂಗ್ಲಿಷ್ ಮಾಧ್ಯಮವೂ ಕಲನಶಾಸ್ತ್ರವೂ ಒಟ್ಟಿಗೇ ಎದುರಾಗುತ್ತವೆ. ಅವರು ಆಗಲೇ ಕಲಿತ ವರ್ಗಸಮೀಕರಣದಿಂದ ಹೊಸ ಪಾಠಕ್ಕೆ ಸೇತುವೆ ಕಟ್ಟುವ ಒಂದು ಕನ್ನಡ ಪುಸ್ತಕವನ್ನು ಪ್ರತಿ ಕಾಲೇಜಿನಲ್ಲೂ ಅವರ ಕೈಗಿಡುವುದು ಅಷ್ಟು ಕಷ್ಟವೇ? ಅಂತಹ ಕೆಲಸವನ್ನು ರಾಮಚಂದ್ರರು ತಮ್ಮ ಸಂಬಳದ ಹಣದಲ್ಲಿ ಮಾಡಿದ್ದರು.