ದಿವಾನರು ಮತ್ತು ಬದನವಾಳಿನ ರಾಟೆ

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೊರಟರೆ, ಬದನಗುಪ್ಪೆ ಬರುವ ಮುಂಚೆ ಬದನವಾಳು ಎಂಬ ಊರು ಸಿಗುತ್ತದೆ. ಹೆಸರುಗಳು ಹತ್ತಿರವಾದ್ದರಿಂದ ಹೊರಗಿನವರು ಒಂದನ್ನು ಇನ್ನೊಂದೆಂದು ತಿಳಿಯುವುದುಂಟು. ಬದನಗುಪ್ಪೆಯ ಬಳಿ ಈಗ ಕೈಗಾರಿಕಾ ಪ್ರದೇಶ ಎದ್ದಿದೆ. ಆದರೆ ಕೆಲಸವಿಲ್ಲದ ಕೈಗೆ ಕೆಲಸ ಕೊಡಬೇಕೆಂಬ ಯೋಚನೆ ಆ ಸೀಮೆಗೆ ಹೊಸತಲ್ಲ. 1927ರಲ್ಲೇ ಮೈಸೂರು ಸರಕಾರ ಬದನವಾಳಿನಲ್ಲಿ ಖಾದಿ ಕೇಂದ್ರವನ್ನು ತೆರೆಯಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್.

ಅವರ ತಾತ ಅಲಿ ಅಸ್ಕರ್ ಪರ್ಶಿಯಾದ ಶಿರಾಝ್‌ನಿಂದ ಕುದುರೆ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ನೆಲೆಸಿದವರು. ಅಲಿ ಅಸ್ಕರ್ ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮಿರ್ಜಾ ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲಿ. ಅರಮನೆಯ ಶಾಲೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆಗೇ ಕಲಿತರು. ಪೊಲೀಸ್ ಇಲಾಖೆಯಿಂದ ಆರಂಭಿಸಿ ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು, 1926ರಲ್ಲಿ ದಿವಾನರಾದರು. ಒಬ್ಬ ಹಿಂದೂ ಅರಸ ತನ್ನ ಸಂಸ್ಥಾನವನ್ನು ಹದಿನೈದು ವರ್ಷ ಒಬ್ಬ ಮುಸ್ಲಿಮನ ಕೈಗೆ ಒಪ್ಪಿಸಿದನೆಂಬುದನ್ನು ನಿಮ್ಮ ಮಕ್ಕಳಿಗೆ ಹೇಳಿದ್ದೀರಾ?

ಮಳೆಯನ್ನೇ ನಂಬಿದ ಒಣಭೂಮಿಯಲ್ಲಿ ಸುಗ್ಗಿ ಮುಗಿದರೆ ಕೂಲಿಯವನಿಗೆ ತಿಂಗಳುಗಟ್ಟಲೆ ಕೆಲಸವಿರುವುದಿಲ್ಲ. ಆ ತಿಂಗಳುಗಳಲ್ಲಿ ಸಾಲ ಹುಟ್ಟುತ್ತದೆ. ಅವನ ಕೈಗೆ ಒಂದಿಷ್ಟು ಹಣ ಹಾಕಿದರೆ ಹೊಟ್ಟೆ ತುಂಬೀತು, ಮುಂದಿನ ಬೇಸಿಗೆಗೆ ಮತ್ತೆ ಅದೇ ಪಾಡು. ಖಾದಿ ಕೇಂದ್ರದ ದಾರಿ ಬೇರೆ. ಹತ್ತಿಯನ್ನು ಮನೆಗೆ ಕೊಡುವುದು, ನೂತ ನೂಲನ್ನು ತೂಗಿ ಕೂಲಿ ಕೊಡುವುದು, ಆ ನೂಲನ್ನು ನೇಕಾರನಿಗೆ ಮುಟ್ಟಿಸುವುದು. ಹೆಂಗಸರು ಮಗುವನ್ನು ನೋಡಿಕೊಳ್ಳುತ್ತಲೇ ಮಾಡಬಹುದಾದ ಕೆಲಸ ಅದು. ಅದೇ ವರ್ಷ ಆರೋಗ್ಯ ಸುಧಾರಣೆಗಾಗಿ ನಂದಿ ಬೆಟ್ಟ ಮತ್ತು ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿಯವರಿಗೂ ಪ್ರಿಯವಾದ ದಾರಿಯಿದು. ನೂಲುವ ಕೂಲಿ ಬಹಳ ಅಲ್ಪವಾಗಿತ್ತೆಂಬುದು ನಿಜ. ಗದ್ದೆಯ ಕೂಲಿ ಸಿಗುವ ದಿನ ಯಾರೂ ರಾಟೆಯ ಮುಂದೆ ಕೂರುತ್ತಿರಲಿಲ್ಲ. ಆದರೆ ಅದು ಹೊಲದ ಕೆಲಸವನ್ನು ಬಿಡಿಸಲು ಬಂದದ್ದಲ್ಲ, ಬರಿದಾದ ತಿಂಗಳುಗಳಿಗಾಗಿ ಬಂದದ್ದು.

ಇಲ್ಲಿ ನಿಮಗೆ ಪ್ರವಾದಿ(ಸ)ರ ಬಳಿ ಬೇಡಲು ಬಂದ ಅನ್ಸಾರಿಯ ನೆನಪಾಗಬಹುದು. ಅವನ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿವರ್ಯರು ಎರಡು ದಿರ್ಹಮ್‌ಗೆ ಹರಾಜು ಹಾಕಿಸಿ, ಒಂದರಿಂದ ಮನೆಗೆ ಆಹಾರವನ್ನೂ ಇನ್ನೊಂದರಿಂದ ಕೊಡಲಿಯನ್ನೂ ತರಿಸಿದರು. ತಮ್ಮ ಕೈಯಾರೆ ಅದಕ್ಕೆ ಹಿಡಿ ಹಾಕಿ, ಹದಿನೈದು ದಿನ ಸೌದೆ ಕಡಿದು ಮಾರಲು ಕಳುಹಿಸಿದರು. ಗಮನಿಸಿರಿ, ಕೊಡಲಿಗೂ ಮೊದಲು ಆಹಾರ ಬಂತು. ತೀರಾ ಬಡತನದಲ್ಲಿ ನೆಲಕಚ್ಚಿದವನು ಮತ್ತು ಸಾಲದಲ್ಲಿ ಮುಳುಗಿದವನು ಕೇಳಬಹುದೆಂದು ಆ ಹದೀಸಿನಲ್ಲೇ ಇದೆ. ಹೀಗಿರುವಾಗ, 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರತೊಡಗಿದಾಗ ಹೆಂಗಸರು ಸೋಮಾರಿಗಳಾಗುತ್ತಾರೆಂದು ಮೂದಲಿಸಿದವರು ಈ ಹದೀಸನ್ನು ಅರ್ಧಕ್ಕೇ ಓದಿ ಬಿಟ್ಟಿರಬೇಕು. ನಮ್ಮ ಮೊಹಲ್ಲಾಗಳಲ್ಲಿ ಝಕಾತನ್ನು ರಂಝಾನಿನಲ್ಲಿ ಪುಡಿಗಾಸಾಗಿ ಹಂಚಿ ಮುಗಿಸುವವರೂ ಅದರ ಉಳಿದರ್ಧವನ್ನು ಮರೆತಿದ್ದಾರೆ. ಒಬ್ಬ ವಿಧವೆಗೆ ಹತ್ತು ಮನೆಯ ಹತ್ತು ನೋಟಿನ ಬದಲು ಅದೇ ಹಣದಲ್ಲಿ ಒಂದು ಹೊಲಿಗೆ ಯಂತ್ರ ಬರುವುದಿಲ್ಲವೇ? ಅದನ್ನು ಕಲಿಯುವವರೆಗೆ ಅವಳ ಮನೆಗೆ ಅಕ್ಕಿಯೂ ಬೇಕು.

ಮಿರ್ಜಾ ಅವರು ರಾಟೆಯಲ್ಲಿ ನಿಲ್ಲಲಿಲ್ಲ. ಮಂಡ್ಯದ ಬಯಲಿಗೆ ಕಾವೇರಿ ನೀರು ಹರಿಸಿದ ಕಾಲುವೆ ಅವರ ಕಾಲದ್ದು. ಮೊದಲು ವೈಸ್‌ರಾಯ್ ಇರ್ವಿನ್ ಹೆಸರಿದ್ದ ಅದು ಈಗ ವಿಶ್ವೇಶ್ವರಯ್ಯ ನಾಲೆ. ಆ ನೀರಿನಿಂದ ಕಬ್ಬು, ಕಬ್ಬಿನಿಂದ ಮಂಡ್ಯದ ಸಕ್ಕರೆ ಕಾರ್ಖಾನೆ. ಭದ್ರಾವತಿಯ ಕಾಗದದ ಕಾರ್ಖಾನೆ, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಎಲ್ಲವೂ ಅವರ ಅವಧಿಯಲ್ಲೇ ಹುಟ್ಟಿದವು. ಬೃಂದಾವನ ತೋಟವನ್ನು ನೋಡಿದವರು ಅವರನ್ನು ಅಂದಗಾರ ದಿವಾನರೆಂದಷ್ಟೇ ತಿಳಿದರೆ ಅನ್ಯಾಯವಾದೀತು.

ಆದರೆ 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದೂ ಅವರ ಆಡಳಿತದಲ್ಲೇ. ಜನರಿಗೆ ಕೆಲಸ ಕೊಟ್ಟ ಸರಕಾರ ಅಧಿಕಾರವನ್ನು ಕೊಡಲು ಹಿಂದೆಗೆಯಿತು. ಅವರ ಬದುಕನ್ನು ಹೇಳುವಾಗ ಇದನ್ನು ಬಿಟ್ಟುಬಿಡುವುದು ಪ್ರಾಮಾಣಿಕತೆಯಲ್ಲ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ರಾಜೀನಾಮೆಯಿತ್ತರು. ಜೈಪುರ ಮತ್ತು ಹೈದರಾಬಾದ್‌ಗಳಲ್ಲಿ ಪ್ರಧಾನಮಂತ್ರಿಯಾಗಿ ದುಡಿದು ಮರಳಿ ಬಂದರು. ವಿಭಜನೆಯನ್ನು ಒಪ್ಪದ ಅವರು ಭಾರತದಲ್ಲೇ ಉಳಿದರು, 1959ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಬದನವಾಳಿನ ಖಾದಿ ಕೇಂದ್ರ ಮುಂದೆ ಸೊರಗಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈ ಉತ್ಪನ್ನಗಳ ಪರವಾಗಿ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದು ಅಲ್ಲಿಯ ಆ ಹಳೆಯ ಕಟ್ಟಡಗಳನ್ನೇ.