ಹಿಗುಚಿ ಇಚಿಯೋ: ಹತ್ತು ತಿಂಗಳ ಅಂಗಡಿ

ಟೋಕಿಯೋ ನಗರದ ತೈತೋ ವಿಭಾಗವು ೧೯೪೭ರಲ್ಲಿ ಷಿತಾಯ, ಅಸಾಕುಸ ಎಂಬ ಎರಡು ಹಳೆಯ ವಿಭಾಗಗಳು ಕೂಡಿ ಆದದ್ದು. ಅಸಾಕುಸದ ದೇಗುಲ, ಉಯೆನೋ ಉದ್ಯಾನ ಇವು ಅಲ್ಲಿಯ ಪ್ರಸಿದ್ಧ ಸ್ಥಳಗಳು. ಅವುಗಳಿಗೆ ಉತ್ತರದಲ್ಲಿ ರ್ಯೂಸೆನ್ ಎಂಬ ಕೇರಿಯೊಂದಿದೆ. ಹಿಂದೆ ಅದರ ಹೆಸರು ರ್ಯೂಸೆಂಜಿ. ಅರಸರಾಗಲಿ ಸೇನಾಪತಿಗಳಾಗಲಿ ಈ ಕೇರಿಗೆ ಕೀರ್ತಿ ತಂದವರಲ್ಲ. ಅಲ್ಲಿ ಹತ್ತು ತಿಂಗಳಿಗೆ ಮೀರದಷ್ಟು ಕಾಲ ಚಿಲ್ಲರೆ ಅಂಗಡಿಯನ್ನಿಟ್ಟು, ನಷ್ಟಕ್ಕೊಳಗಾಗಿ, ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ ಒಬ್ಬ ತರುಣಿ ಅದನ್ನು ಜಪಾನೀ ಸಾಹಿತ್ಯದಲ್ಲಿ ಚಿರಸ್ಥಾಯಿಯಾಗಿ ನಿಲ್ಲಿಸಿದಳು. ಆಕೆಯೇ ಹಿಗುಚಿ ಇಚಿಯೋ.

ಆಕೆಯ ಕಥೆಗಳನ್ನು ನಾನು ಓದಿರುವುದು ಇಂಗ್ಲಿಷ್ ಅನುವಾದಗಳಲ್ಲಿ. ಮೂಲದ ನಾದ ಅಲ್ಲಿ ಎಷ್ಟು ಉಳಿದಿದೆಯೋ ನಾನು ಹೇಳಲಾರೆ. ಆದರೆ ಆಕೆಯ ಬಾಳನ್ನು ಕುರಿತು ಯೋಚಿಸಿದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸುತ್ತದೆ. ಬರೆಹದಿಂದ ಹೊಟ್ಟೆ ತುಂಬದೆಂದು ಅಂಗಡಿಯನ್ನು ತೆರೆದವಳಿಗೆ, ಆ ಅಂಗಡಿಯೇ ಸಾಹಿತ್ಯವನ್ನು ತಂದುಕೊಟ್ಟ ಬಗೆ ಹೇಗೆ?

ಆಕೆಯ ಮನೆತನದ ವೃತ್ತಾಂತದಲ್ಲಿಯೇ ವಿಧಿಯ ವ್ಯಂಗ್ಯವಿದೆ. ತಂದೆತಾಯಿಗಳು ಕಾಯ್ ಪ್ರಾಂತ್ಯದ ರೈತ ಕುಟುಂಬಗಳಲ್ಲಿ ಹುಟ್ಟಿದವರು. ೧೮೫೭ರಲ್ಲಿ ಊರು ತೊರೆದು ಎದೋ ಪಟ್ಟಣವನ್ನು ಸೇರಿದರು. ಹತ್ತು ವರ್ಷ ದುಡಿದು ಕೂಡಿಹಾಕಿದ ಹಣದಿಂದ ತಂದೆ ೧೮೬೭ರಲ್ಲಿ ಸಮುರಾಯ್ ಪದವಿಯೊಂದನ್ನು ಕೊಂಡನು. ಮರುವರ್ಷವೇ ಷೋಗುನರ ಆಡಳಿತ ಉರುಳಿ ಮೇಜಿ ಯುಗ ಮೊದಲಾಯಿತು. ಕೊಂಡ ಪದವಿ ಬೆಲೆಯಿಲ್ಲದ್ದಾಯಿತು. ಎದೋ ಟೋಕಿಯೋ ಆಯಿತು. ಆ ಹೊಸ ಟೋಕಿಯೋದಲ್ಲಿ ೧೮೭೨ರ ಮೇ ೨ರಂದು ಹುಟ್ಟಿದ ಮಗಳಿಗೆ ಇಟ್ಟ ಹೆಸರು ನಾತ್ಸು.

ಹುಡುಗಿ ಬುದ್ಧಿವಂತೆ. ತರಗತಿಯಲ್ಲಿ ಮೊದಲಿಗಳಾಗಿದ್ದರೂ ಹನ್ನೊಂದನೆಯ ವಯಸ್ಸಿಗೇ ಶಾಲೆಯನ್ನು ಬಿಡಬೇಕಾಯಿತು. ಹೆಣ್ಣಿಗೆ ಹೆಚ್ಚು ಓದು ಒಳ್ಳೆಯದಲ್ಲವೆಂಬುದು ತಾಯಿಯ ಎಣಿಕೆ. ಮಗಳ ಸಂಕಟವನ್ನು ಕಂಡ ತಂದೆ ೧೮೮೬ರಲ್ಲಿ ಅವಳನ್ನು ನಕಜಿಮ ಉತಕೋ ಎಂಬ ಕವಯಿತ್ರಿಯ ಪಾಠಶಾಲೆಗೆ ಸೇರಿಸಿದನು. ಅಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ಸಿರಿವಂತರ, ಪದವೀಧರರ ಮನೆಯ ಹೆಣ್ಣುಮಕ್ಕಳು. ೧೮೮೭ರ ವರ್ಷಾರಂಭದ ಕವಿಗೋಷ್ಠಿಗೆ ಅವರೆಲ್ಲ ಹೊಸ ರೇಷ್ಮೆಯುಟ್ಟು ಬಂದಾಗ ನಾತ್ಸು ಯಾರೋ ಉಟ್ಟು ಬಿಟ್ಟ ಉಡುಪಿನಲ್ಲಿ ಹೋದಳು. ಆ ದಿನದ ಪ್ರಥಮ ಸ್ಥಾನ ಅವಳ ಕವಿತೆಗೆ ದೊರೆಯಿತು. ತನ್ನ ಸ್ಥಾನವಾವುದು, ತನ್ನ ಶಕ್ತಿಯಾವುದು ಎಂಬೆರಡೂ ಅವಳಿಗೆ ಒಂದೇ ದಿನ ತಿಳಿದಿರಬೇಕು.

ಮುಂದೆ ಕಷ್ಟಗಳು ಒಂದರ ಹಿಂದೊಂದು ಬಂದುವು. ಅದೇ ವರ್ಷದ ಕೊನೆಯಲ್ಲಿ ಅಣ್ಣ ತೀರಿಕೊಂಡನು. ತಂದೆ ಕೈಹಾಕಿದ ವ್ಯಾಪಾರ ಮುಳುಗಿತು. ೧೮೮೯ರಲ್ಲಿ ಅವನೂ ಕಣ್ಮುಚ್ಚಿದನು. ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು. ಹದಿನೇಳರ ಹುಡುಗಿ ಮನೆಯ ಯಜಮಾನಿಯಾದಳು. ಹೊಂಗೋ ಭಾಗದ ಕಿಕುಜಾಕ ಎಂಬಲ್ಲಿ ಬಾಡಿಗೆಯ ಮನೆ ಹಿಡಿದು, ತಾಯಿ, ತಂಗಿ, ತಾನು ಮೂವರೂ ಹೊಲಿಗೆ ಒಗೆತಗಳಿಂದ ದಿನ ಕಳೆಯತೊಡಗಿದರು. ಅಲ್ಲಿಯ ಇಸೆಯ ಎಂಬ ಗಿರವಿ ಅಂಗಡಿಗೂ ಈ ಮನೆಗೂ ಬಿಡದ ನಂಟು.

ಪಾಠಶಾಲೆಯ ಹಿರಿಯ ಗೆಳತಿಯೊಬ್ಬಳು ಕಾದಂಬರಿ ಬರೆದು ಸಂಭಾವನೆ ಪಡೆದದ್ದನ್ನು ನಾತ್ಸು ಕಂಡಿದ್ದಳು. ಕಥೆ ಬರೆದು ಮನೆ ನಡೆಸೋಣವೆಂದು ೧೮೯೧ರಲ್ಲಿ ಪತ್ರಿಕಾ ಕಾದಂಬರಿಕಾರ ನಕರಾಯ್ ತೋಸುಯ್ ಎಂಬಾತನ ಶಿಷ್ಯೆಯಾದಳು. ಮರುವರ್ಷ ಆತನ ಪತ್ರಿಕೆಯಲ್ಲಿ ಮೊದಲ ಕಥೆ ಅಚ್ಚಾಯಿತು. ಗುರುವಿನ ಮೇಲೆ ಅವಳಿಗೆ ಪ್ರೀತಿ ಹುಟ್ಟಿತ್ತೆಂಬುದಕ್ಕೆ ಅವಳ ದಿನಚರಿಯೇ ಸಾಕ್ಷಿ. ಲೋಕಾಪವಾದ ಎದ್ದೊಡನೆ ಅವಳು ಆ ಮನೆಯ ಸಲಿಗೆಯನ್ನು ಕಡಿದುಕೊಂಡಳು. ಇಚಿಯೋ ಎಂಬ ಕಾವ್ಯನಾಮಕ್ಕೆ ಒಂದೇ ಎಲೆ ಎಂದರ್ಥ. ಬೋಧಿಧರ್ಮನು ಜೊಂಡಿನ ಎಲೆಯೊಂದರ ಮೇಲೆ ನಿಂತು ಮಹಾನದಿಯನ್ನು ದಾಟಿದನೆಂಬ ಐತಿಹ್ಯ ಅದರ ಹಿಂದಿದೆ. ಜಪಾನೀಯರ ಬೋಧಿಧರ್ಮನ ಬೊಂಬೆಗೆ ಕಾಲಿಲ್ಲ. ಅವರ ಆಡುಮಾತಿನಲ್ಲಿ ಕಾಲು ಎಂಬ ಶಬ್ದಕ್ಕೆ ಹಣವೆಂಬ ಅರ್ಥವೂ ಉಂಟು. ಕೈಯಲ್ಲಿ ಕಾಸಿಲ್ಲದವಳು ತನ್ನನ್ನು ನೋಡಿ ತಾನೇ ನಕ್ಕ ನಗೆ ಆ ಹೆಸರಿನಲ್ಲಿ ಅಡಗಿದೆ.

ಕಥೆಗಳಿಂದ ಮನೆ ನಡೆಯಲಿಲ್ಲ. ೧೮೯೩ರ ಜುಲೈಯಲ್ಲಿ ಮೂವರೂ ರ್ಯೂಸೆಂಜಿಗೆ ಬಂದು ಆಗಸ್ಟಿನಲ್ಲಿ ಅಂಗಡಿಯನ್ನು ತೆರೆದರು. ಮನೆಬಳಕೆಯ ಸಣ್ಣಪುಟ್ಟ ಸಾಮಾನು, ಅಗ್ಗದ ಮಿಠಾಯಿ, ಆಟಿಕೆ, ಇಷ್ಟೇ ಸರಕು. ಇಚಿಯೋ ದೂರದ ಕಂದ ಪೇಟೆಗೆ ನಡೆದುಹೋಗಿ ಸರಕು ಹೊತ್ತು ತರುತ್ತಿದ್ದಳು. ತಂಗಿ ಅಂಗಡಿಯಲ್ಲಿ ಕೂರುತ್ತಿದ್ದಳು. ಗಿರಾಕಿಗಳೆಂದರೆ ಮುಖ್ಯವಾಗಿ ಕೇರಿಯ ಮಕ್ಕಳು.

ಆ ಕೇರಿ ಸಾಮಾನ್ಯದ್ದಲ್ಲ. ಕೂಗಳತೆಯಲ್ಲೇ ಯೋಶಿವಾರ, ಸರ್ಕಾರದ ಪರವಾನಗಿ ಪಡೆದ ವೇಶ್ಯಾವಾಟಿಕೆ. ಹೆಣ್ಣುಗಳು ತಪ್ಪಿಸಿಕೊಳ್ಳದಂತೆ ಅದರ ಸುತ್ತ ಕೊಳಚೆಯ ಕಂದಕವಿತ್ತು. ಇಚಿಯೋಳ ಮನೆಯ ಮುಂದಿನ ಹಾದಿಯಲ್ಲಿ ಅಲ್ಲಿಗೆ ಹೋಗುವ ರಿಕ್ಷಾಗಳ ಸದ್ದು ಇರುಳೆಲ್ಲ ನಿಲ್ಲುತ್ತಿರಲಿಲ್ಲ. ನೆರೆಹೊರೆಯ ಬಹುಮಂದಿಯ ಅನ್ನ ಆ ಕಂದಕದಾಚೆಯ ವ್ಯಾಪಾರಕ್ಕೇ ಅಂಟಿಕೊಂಡಿತ್ತು. ಅಂಥ ನೆರಳಿನಲ್ಲಿ ಬೆಳೆಯುವ ಮಕ್ಕಳು ದಿನವೂ ಕಾಸು ಹಿಡಿದು ಅವಳ ಅಂಗಡಿಗೆ ಬಂದರು. ಅವರ ಮಾತು, ಜಗಳ, ಒಣಹೆಮ್ಮೆ, ಎಲ್ಲವೂ ಅವಳ ಕಿವಿಗೆ ಬಿದ್ದುವು. ಕವಿಗೋಷ್ಠಿಯಲ್ಲಿ ಹೂವನ್ನೂ ಚಂದ್ರನನ್ನೂ ಕುರಿತು ಬರೆಯಲು ಕಲಿತವಳು ಇಲ್ಲಿ ಮನುಷ್ಯರನ್ನು ಕಂಡಳು.

೧೮೯೪ರ ಆರಂಭದಲ್ಲಿ ಎದುರಿಗೇ ಇನ್ನೊಂದು ಅಂಗಡಿ ತೆರೆಯಿತು. ಇವರ ವ್ಯಾಪಾರ ಕುಸಿಯಿತು. ಮೇ ತಿಂಗಳಲ್ಲಿ ಬಾಗಿಲು ಮುಚ್ಚಿ ಮತ್ತೆ ಹೊಂಗೋಗೆ, ಫುಕುಯಾಮ ಕೇರಿಗೆ ಹೋದರು. ಅಲ್ಲಿಯೂ ನೆರೆಯಲ್ಲಿ ಪರವಾನಗಿಯಿಲ್ಲದ ಪಾನಗೃಹಗಳು. ಅಲ್ಲಿಯ ಹೆಂಗಸರಿಗೆ ಇಚಿಯೋ ಕಾಗದ ಬರೆದುಕೊಡುತ್ತಿದ್ದಳು. ಆ ವರ್ಷದ ಡಿಸೆಂಬರಿನಿಂದ ಮುಂದಿನ ಹದಿನಾಲ್ಕು ತಿಂಗಳಲ್ಲಿ ಅವಳ ಶ್ರೇಷ್ಠ ಕಥೆಗಳೆಲ್ಲ ಪ್ರಕಟವಾದುವು.

ಅವುಗಳಲ್ಲಿ ಹಿರಿದಾದದ್ದು, ಎತ್ತರವನ್ನು ಹೋಲಿಸುವ ಮಕ್ಕಳಾಟವನ್ನು ಸೂಚಿಸುವ ಹೆಸರಿನ ತಕೆಕುರಾಬೆ. ೧೮೯೫ರ ಜನವರಿಯಿಂದ ಒಂದು ವರ್ಷ ಅದು ಬುಂಗಕುಕಾಯ್ ಪತ್ರಿಕೆಯಲ್ಲಿ ಬಂದಿತು. ಕಥೆಯ ನೆಲ ರ್ಯೂಸೆಂಜಿಯ ಪರಿಸರವೇ. ನಾಯಕಿ ಮಿದೋರಿ ಕೇರಿಯ ಮಕ್ಕಳಿಗೆಲ್ಲ ರಾಣಿ, ಕೈತುಂಬ ಖರ್ಚುಮಾಡುವವಳು. ಆ ಹಣದ ಮೂಲ ಯೋಶಿವಾರದಲ್ಲಿ ಹೆಸರುಗಳಿಸಿದ ಅಕ್ಕ. ಪುರೋಹಿತನ ಮಗ ನೊಬುವಿಗೂ ಅವಳಿಗೂ ನಡುವೆ ಹೇಳಲಾಗದ ಒಂದು ಸೆಳೆತ. ಮಳೆಯಲ್ಲಿ ಅವಳ ಮನೆಯ ಮುಂದೆ ಅವನ ಮರದ ಪಾದುಕೆಯ ದಾರ ಹರಿಯುತ್ತದೆ. ಅವಳು ಕೆಂಪು ಬಟ್ಟೆಯ ತುಂಡೊಂದನ್ನು ಅವನತ್ತ ಎಸೆಯುತ್ತಾಳೆ. ಅವನು ಅದನ್ನು ಎತ್ತಿಕೊಳ್ಳದೆ ಹೋಗುತ್ತಾನೆ. ಒಂದು ದಿನ ಮಿದೋರಿ ದೊಡ್ಡವರಂತೆ ತುರುಬು ಕಟ್ಟಿಸಿಕೊಂಡು ಬರುತ್ತಾಳೆ. ಆಮೇಲೆ ಅವಳು ಆಡುವುದಿಲ್ಲ. ಅವಳ ಮುಂದಿನ ಹಾದಿ ಯಾವುದೆಂದು ಇಚಿಯೋ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿರುವುದರಿಂದಲೇ ಓದುಗನಿಗೆ ಅದು ಸಹಿಸಲಸಾಧ್ಯವಾಗುತ್ತದೆ. ಕನಿಕರದ ಉಪದೇಶವಾಗಲಿ ಸಮಾಜದ ಮೇಲಣ ಆಕ್ರೋಶವಾಗಲಿ ಅಲ್ಲಿಲ್ಲ. ಹೊರಗಿನಿಂದ ನೋಡಲು ಬಂದವರಿಗೆ ಆ ಸಂಯಮ ಬರಲಾರದು. ಅಲ್ಲಿ ಮಿಠಾಯಿ ಮಾರಿದವಳಿಗೆ ಬಂದಿತು ಎಂದು ನನ್ನ ನಂಬಿಕೆ.

೧೮೯೬ರಲ್ಲಿ ಕಥೆ ಇಡಿಯಾಗಿ ಅಚ್ಚಾದಾಗ ಮೋರಿ ಓಗಾಯ್, ಕೋದ ರೋಹನ್‌ರಂಥ ಹಿರಿಯರು ಮುಕ್ತಕಂಠದಿಂದ ಹೊಗಳಿದರು. ಅಷ್ಟರಲ್ಲಿ ಕ್ಷಯ ಅವಳನ್ನು ಹಿಡಿದಿತ್ತು. ಅದೇ ನವೆಂಬರ್ ೨೩ರಂದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಇಚಿಯೋ ತೀರಿಕೊಂಡಳು. ತಂಗಿ ಕುನಿ ಕಾಪಾಡಿದ ದಿನಚರಿಗಳು ೧೯೧೨ರಲ್ಲಿ ಬೆಳಕು ಕಂಡುವು.

ಬಡತನವೇ ಕಲೆಯ ತಾಯಿಯೆಂದು ಹೇಳುವವರುಂಟು. ಇಚಿಯೋಳ ಬಾಳನ್ನು ಬಲ್ಲವರು ಹಾಗೆ ಹೇಳಲು ಹಿಂಜರಿಯಬೇಕು. ಬಡತನ ಅವಳಿಗೆ ಕೇರಿಯೊಂದನ್ನು ತೋರಿಸಿತು, ನಿಜ. ಆದರೆ ಬರೆಯಬೇಕಾದ ಗಳಿಗೆಗಳನ್ನು ಹೊಲಿಗೆಗೂ ಸಾಲಕ್ಕೂ ಕಿತ್ತುಕೊಟ್ಟದ್ದೂ ಅದೇ. ಕಂಡದ್ದನ್ನು ಕಥೆಯಾಗಿಸಿದ್ದು ಅವಳ ಕಣ್ಣು, ಅವಳ ಮನಸ್ಸು. ಆ ಕೇರಿಯಲ್ಲಿ ಬಡವರು ಸಾವಿರಾರು ಇದ್ದರು, ಇಚಿಯೋ ಒಬ್ಬಳೇ.

೧೯೫೬ರ ಶಾಸನದಿಂದ ಯೋಶಿವಾರದ ಹಳೆಯ ವ್ಯವಹಾರ ಕೊನೆಗಂಡಿತು. ೧೯೬೧ರಲ್ಲಿ, ಸ್ಥಳದ ನಿವಾಸಿಗಳ ಒತ್ತಾಸೆಯಿಂದ, ರ್ಯೂಸೆನ್‌ನಲ್ಲಿ ಇಚಿಯೋ ಸ್ಮಾರಕ ಭವನ ಎದ್ದಿತು. ೨೦೦೬ರಲ್ಲಿ ಅದಕ್ಕೆ ಹೊಸ ಕಟ್ಟಡವಾಯಿತು. ೨೦೦೪ರಲ್ಲಿ ಬ್ಯಾಂಕ್ ಆಫ್ ಜಪಾನ್ ಹೊರಡಿಸಿದ ಐದು ಸಾವಿರ ಯೆನ್ ನೋಟಿನ ಮೇಲೆ ಅವಳ ಮುಖ ಮೂಡಿತು. ೨೦೨೪ರ ಹೊಸ ನೋಟಿನಲ್ಲಿ ಇನ್ನೊಬ್ಬರ ಚಿತ್ರ ಬಂದಿತು. ಕಾಸಿಲ್ಲದವಳೆಂದು ತನ್ನ ಹೆಸರಿನಲ್ಲೇ ನಕ್ಕವಳಿಗೆ ಸಂದ ಈ ಗೌರವ ಅವಳಿಗೆ ನಗೆ ತರಿಸುತ್ತಿತ್ತೇನೋ. ಕೇರಿಯ ಮಕ್ಕಳಿಗಾಗಿ ಅವಳು ಬರೆದದ್ದು ಮಾತ್ರ ಯಾವ ನೋಟಿನ ಬದಲಾವಣೆಗೂ ಒಳಪಡದೆ ನಿಂತಿದೆ.