ಪಲ್ವಂಕರ್ ಬಾಲು

ಪಲ್ವಂಕರ್ ಬಾಲು ಇಪ್ಪತ್ತನೆಯ ಶತಮಾನದ ಆರಂಭಕಾಲದ ಭಾರತೀಯ ಕ್ರಿಕೆಟ್ ಆಟಗಾರರು. ಎಡಗೈ ನಿಧಾನಗತಿಯ ಸ್ಪಿನ್ ಬೌಲರ್ ಆಗಿದ್ದ ಇವರು ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್‌ಗಳನ್ನು ಪಡೆದರು. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಸಮುದಾಯದಿಂದ ಬಂದು ಅಖಿಲ ಭಾರತ ಮಟ್ಟದಲ್ಲಿ ಕೀರ್ತಿ ಪಡೆದ ಮೊದಲ ಕ್ರೀಡಾಪಟುಗಳಲ್ಲಿ ಇವರೊಬ್ಬರು.

ಜನನ ಮತ್ತು ಬಾಲ್ಯ

ಬಾಲು 1870ರ ದಶಕದ ಮಧ್ಯಭಾಗದಲ್ಲಿ ಧಾರವಾಡದಲ್ಲಿ ಚಮ್ಮಾರ ಕುಟುಂಬವೊಂದರಲ್ಲಿ ಜನಿಸಿದರು. ಧಾರವಾಡವು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮನೆತನದ ಹೆಸರು ಕೊಂಕಣದ ಪಾಲವಣ ಗ್ರಾಮದಿಂದ ಬಂದುದು. ತಂದೆಯವರಿಗೆ ಸೇನೆಯ ಸಂಬಂಧದ ಉದ್ಯೋಗವಿದ್ದುದರಿಂದ ಕುಟುಂಬವು ಪುಣೆಯಲ್ಲಿ ನೆಲೆಸಿತು. ಶಿವರಾಮ, ವಿಠ್ಠಲ ಮತ್ತು ಗಣಪತ ಇವರ ತಮ್ಮಂದಿರು. ಈ ಮೂವರೂ ಮುಂದೆ ಕ್ರಿಕೆಟ್‌ನಲ್ಲಿ ಹೆಸರು ಮಾಡಿದರು.

ಬೌಲರ್ ಆಗಿ ಬೆಳವಣಿಗೆ

ಬಾಲು ಅವರ ಮೊದಲ ಕೆಲಸ ಪುಣೆಯ ಪಾರ್ಸಿ ಕ್ಲಬ್ಬೊಂದರ ಮೈದಾನವನ್ನು ಗುಡಿಸಿ, ರೋಲರ್ ಎಳೆಯುವುದಾಗಿತ್ತು. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬನ್ನು ಸೇರಿದರು. ಅಲ್ಲಿ ಅಭ್ಯಾಸದ ವೇಳೆ ಸದಸ್ಯರಿಗೆ ಬೌಲಿಂಗ್ ಮಾಡುವ ಅವಕಾಶ ಒದಗಿತು. ಪ್ರಸಿದ್ಧ ಬ್ಯಾಟ್ಸ್‌ಮನ್ ಜೆ. ಜಿ. ಗ್ರೆಗ್ ಅವರಿಗೆ ದಿನವೂ ಗಂಟೆಗಟ್ಟಲೆ ಚೆಂಡೆಸೆದು ಬಾಲು ತಮ್ಮ ಹಿಡಿತವನ್ನು ಸಾಧಿಸಿಕೊಂಡರು. ಆದರೆ ಬ್ಯಾಟಿಂಗ್ ಅಭ್ಯಾಸಕ್ಕೆ ಅವರಿಗೆ ಅಲ್ಲಿ ಅವಕಾಶವಿರಲಿಲ್ಲ.

ಪುಣೆಯ ಹಿಂದೂ ತಂಡವು ಬಹಳ ಚರ್ಚೆಯ ನಂತರ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಸವರ್ಣ ಆಟಗಾರರು ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಆದರೆ ವಿರಾಮದ ವೇಳೆ ಅವರಿಗೆ ಹೊರಗಡೆ ಪ್ರತ್ಯೇಕವಾಗಿ, ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಮುಂದೆ ಬಾಲು ಮುಂಬಯಿಗೆ ಬಂದು ಅಲ್ಲಿನ ಹಿಂದೂ ಜಿಮ್ಖಾನಾ ಪರವಾಗಿ ಆಡತೊಡಗಿದರು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಲು ಮತ್ತು ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು.

1911ರ ಇಂಗ್ಲೆಂಡ್ ಪ್ರವಾಸ

ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಅಖಿಲ ಭಾರತ ತಂಡವು 1911ರಲ್ಲಿ ಇಂಗ್ಲೆಂಡಿಗೆ ತೆರಳಿತು. 23 ಪಂದ್ಯಗಳಲ್ಲಿ ತಂಡವು ಗೆದ್ದುದು 6, ಸೋತದ್ದು 15. ಇಂತಹ ತಂಡದಲ್ಲಿದ್ದುಕೊಂಡೇ ಬಾಲು 18.84ರ ಸರಾಸರಿಯಲ್ಲಿ 114 ವಿಕೆಟ್‌ಗಳನ್ನು ಪಡೆದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 103 ರನ್‌ಗಳಿಗೆ 8 ವಿಕೆಟ್ ಗಳಿಸಿದ್ದು ಅವರ ಶ್ರೇಷ್ಠ ಸಾಧನೆ.

ಅಂಕಿ-ಅಂಶಗಳ ಮಹತ್ವ

ಬೌಲರ್ ಬಿಟ್ಟುಕೊಟ್ಟ ಒಟ್ಟು ರನ್‌ಗಳನ್ನು ಪಡೆದ ವಿಕೆಟ್‌ಗಳಿಂದ ಭಾಗಿಸಿದರೆ ಬೌಲಿಂಗ್ ಸರಾಸರಿ ದೊರೆಯುತ್ತದೆ. ಅದು ಕಡಿಮೆಯಿದ್ದಷ್ಟೂ ಉತ್ತಮ. ಬಾಲು ಒಂದೊಂದು ವಿಕೆಟ್‌ಗೆ ತೆತ್ತದ್ದು ಸುಮಾರು 15 ರನ್ ಮಾತ್ರ. ಆದರೆ ಈ ಸಂಖ್ಯೆಗೂ ಮಿತಿಯಿದೆ. ರನ್‌ಗಳು ಇನ್ನಿಂಗ್ಸ್‌ನ ಆರಂಭದಲ್ಲಿ ಹೋದವೋ, ಎದುರಾಳಿಯ ಕೊನೆಯ ಜೋಡಿ ಆಡುತ್ತಿದ್ದಾಗ ಹೋದವೋ ಎಂಬುದನ್ನು ಅದು ತಿಳಿಸುವುದಿಲ್ಲ. ಆ ಕಾಲದ ಪಿಚ್‌ಗಳು ಬೌಲರ್‌ಗಳಿಗೆ ಇಂದಿಗಿಂತ ಹೆಚ್ಚು ನೆರವಾಗುತ್ತಿದ್ದವು ಎಂಬುದನ್ನೂ ನೆನಪಿನಲ್ಲಿಡಬೇಕು. ಆದ್ದರಿಂದಲೇ ಅಪರಿಚಿತ ಇಂಗ್ಲಿಷ್ ಮೈದಾನಗಳಲ್ಲಿ, ಪದೇ ಪದೇ ಸೋಲುತ್ತಿದ್ದ ತಂಡದ ಪರವಾಗಿ ಅವರು ಮಾಡಿದ ಸಾಧನೆ ಅವರ ಸಾಮರ್ಥ್ಯಕ್ಕೆ ಹೆಚ್ಚು ಬಲವಾದ ಪ್ರಮಾಣವೆನಿಸುತ್ತದೆ.

ನಾಯಕತ್ವದ ಪ್ರಶ್ನೆ

ಇಷ್ಟು ವಿಕೆಟ್‌ಗಳನ್ನು ಗಳಿಸಿದರೂ ಹಿಂದೂ ತಂಡದ ನಾಯಕತ್ವವು ಬಾಲು ಅವರಿಗೆ ದೊರೆಯಲಿಲ್ಲ. ಜಾತಿಯೇ ಅದಕ್ಕೆ ಅಡ್ಡಿಯಾಯಿತು. 1920ರ ಚತುಷ್ಕೋನ ಪಂದ್ಯಾವಳಿಯಲ್ಲಿ ಅವರನ್ನು ಮೊದಲು ತಂಡದಿಂದ ಕೈಬಿಡಲಾಯಿತು. ಇದನ್ನೂ ವಿಠ್ಠಲರಿಗೆ ನಾಯಕತ್ವ ನೀಡದುದನ್ನೂ ಪ್ರತಿಭಟಿಸಿ ತಮ್ಮಂದಿರು ತಂಡದಿಂದ ಹಿಂದೆ ಸರಿದರು. ಸಾರ್ವಜನಿಕ ಚರ್ಚೆಯ ನಂತರ ಬಾಲು ಅವರನ್ನು ಉಪನಾಯಕರನ್ನಾಗಿ ಮರಳಿ ಕರೆಯಲಾಯಿತು. 1923ರಲ್ಲಿ ವಿಠ್ಠಲ ನಾಯಕರಾದರು. ಆ ವರ್ಷ ಹಿಂದೂ ತಂಡವೇ ಪ್ರಶಸ್ತಿ ಗೆದ್ದಿತು. ಅಣ್ಣನಿಗೆ ದೊರೆಯದ ಸ್ಥಾನವು ಹೀಗೆ ತಮ್ಮನಿಗೆ ದೊರೆಯಿತು.

ಸಾರ್ವಜನಿಕ ಜೀವನ ಮತ್ತು ನಿಧನ

ಡಾ. ಬಿ. ಆರ್. ಅಂಬೇಡ್ಕರ್ ಅವರು ಯೌವನದಲ್ಲಿ ಬಾಲು ಅವರ ಅಭಿಮಾನಿಯಾಗಿದ್ದರು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಇಬ್ಬರ ನಿಲುವುಗಳು ಬೇರೆಯಾದವು. 1937ರ ಮುಂಬಯಿ ವಿಧಾನಸಭಾ ಚುನಾವಣೆಯಲ್ಲಿ ಬಾಲು ಕಾಂಗ್ರೆಸ್ ಪಕ್ಷದಿಂದ ಅಂಬೇಡ್ಕರ್ ಅವರ ವಿರುದ್ಧ ಸ್ಪರ್ಧಿಸಿ ಪರಾಭವಗೊಂಡರು. ಅಂಬೇಡ್ಕರ್ 13,245 ಮತಗಳನ್ನೂ ಬಾಲು 11,225 ಮತಗಳನ್ನೂ ಪಡೆದರು.

ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಅಷ್ಟರಲ್ಲಿ ಬಾಲು ಆಟದಿಂದ ನಿವೃತ್ತರಾಗಿ ಒಂದು ದಶಕವೇ ಕಳೆದಿತ್ತು. ಹೀಗಾಗಿ ಟೆಸ್ಟ್ ಕ್ರಿಕೆಟ್‌ನ ದಾಖಲೆಗಳಲ್ಲಿ ಅವರ ಹೆಸರಿಲ್ಲ. 1955ರ ಜುಲೈ 4ರಂದು ಅವರು ಮುಂಬಯಿಯಲ್ಲಿ ನಿಧನರಾದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರು ಭಾರತೀಯ ಕ್ರಿಕೆಟ್‌ನ ಸಾಮಾಜಿಕ ಇತಿಹಾಸವನ್ನು ಕುರಿತು 2002ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಧಾರವಾಡದಲ್ಲಿ ಹುಟ್ಟಿದ ಈ ಬೌಲರ್‌ನ ಬದುಕು ಹೊಸ ತಲೆಮಾರಿನ ಓದುಗರಿಗೆ ಪರಿಚಯವಾಯಿತು.